ತಿಮ್ಮ, ಸೀನ, ಎಂಕ, ಗೌರಮ್ಮ: ಹೆಸರೇ ಬೈಗುಳ ಆಗಿದ್ದು ಹೇಗೆ?

ಚಾಮರಾಜಪೇಟೆ ಚಕ್ಕುಲಿ

ಮೊನ್ನೆ ಆಫೀಸಿನ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಸಿಟ್ಟಾಗಿ, "ನನ್ನೇನು ತಿಮ್ಮ ಅಂದ್ಕೊಂಡಿದೀರಾ?" ಎಂದು ಕೂಗಾಡಿದರು. ಲಕ್ನೋದಿಂದ ಬಂದು ಹೊಸದಾಗಿ ಸೇರಿದ ಹುಡುಗ ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದ: "ಈ ತಿಮ್ಮ ಯಾವ ಟೀಮು? ಅವನ ಮೇಲೆ ಯಾಕೆ ಇಷ್ಟು ಕೋಪ?" ತಿಮ್ಮ ಅಂದ್ರೆ ಪೆದ್ದ ಅಂತ ಎಂದೆ. "ಮತ್ತೆ ಗೇಟಿನಲ್ಲಿ ಕೂರೋ ತಿಮ್ಮಯ್ಯ ಅಂಕಲ್?" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೇಳೋದಿಷ್ಟೇ. ನಮ್ಮಲ್ಲಿ ಯಾವ್ಯಾವ ಹೆಸರು ಹೀಗೆ ತಮಾಷೆ ಮಾತಾಗಿವೆ? ಅದೇ ಹೆಸರು ಯಾಕೆ? ನಿಮ್ಮೂರಲ್ಲಿ ನಿಜವಾಗಿ ಕೇಳಿದ್ದನ್ನೇ ಬರೆಯಿರಿ. ಮನೆಯಲ್ಲಿ ಹೇಳಬಾರದಂಥವು ಬೇಡ, ಇಲ್ಲಿ ಅಮ್ಮಂದಿರೂ ಓದುತ್ತಾರೆ.

ಅಗ್ರಹಾರದ ಮೂಲೆಮನೆ

ತಿಮ್ಮನನ್ನು ಕೆಡಿಸಿದ್ದು ಕೋತಿ ಕಣಪ್ಪ. ನಾವು ಚಿಕ್ಕವರಿದ್ದಾಗ ಕೋತಿ ಆಡಿಸುವವನು ಬೀದಿಗೆ ಬಂದರೆ ಡಮರು ಬಾರಿಸಿ, "ಏಯ್ ತಿಮ್ಮಾ, ಅತ್ತೆ ಮನೆಗೆ ಹೆಂಗೆ ಹೋಗ್ತೀಯ ತೋರ್ಸು" ಎನ್ನುತ್ತಿದ್ದ. ಕೋತಿ ಹೆಗಲ ಮೇಲೆ ಕೋಲಿಟ್ಟುಕೊಂಡು ಠೀವಿಯಿಂದ ಒಂದು ಸುತ್ತು ಹಾಕುತ್ತಿತ್ತು. "ಅತ್ತೆ ಊಟ ಹಾಕ್ಲಿಲ್ಲ, ಈಗ ಹೆಂಗೆ ಬರ್ತೀಯ?" ಎಂದರೆ ಕೋಲು ಬಿಸಾಕಿ, ತಲೆ ಮೇಲೆ ಕೈ ಹೊತ್ತು ಕೂತುಬಿಡುತ್ತಿತ್ತು. ಮಾರನೇ ದಿನ ಶಾಲೆಯಲ್ಲಿ ಲೆಕ್ಕ ಬಾರದವನೆಲ್ಲ ತಿಮ್ಮನೇ.

ಹೆಸರು ಮಾತ್ರ ಬಹಳ ಗೌರವದ್ದು. ತಿರುಮಲ ಅನ್ನೋದೇ ಬಾಯಲ್ಲಿ ಸವೆದು ತಿಮ್ಮ ಆಯಿತು. ತಿರುಪತಿ ದೇವರನ್ನು ನಾವು ತಿಮ್ಮಪ್ಪ ಎಂದೇ ಕರೆಯುತ್ತೇವೆ. ಕೃಷ್ಣದೇವರಾಯನ ಮಹಾಮಂತ್ರಿ ತಿಮ್ಮರಸು. ರಾಯ ಅವನನ್ನು ಅಪ್ಪಾಜಿ ಎನ್ನುತ್ತಿದ್ದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಮುಂದೆ ಬರೆದವನು ತಿಮ್ಮಣ್ಣ ಕವಿ. ಅದೇ ಹೆಸರು ಈಗ ಮೀಟಿಂಗಿನಲ್ಲಿ ಬೈಗುಳ.

ಮೈಸೂರು ಮಲ್ಲಿಗೆ 2

ಡಿವಿಜಿ ಅವರನ್ನು ಬಿಟ್ಟಿರಲ್ಲ ಸಾರ್? ಕಗ್ಗ ಬಂದಿದ್ದು 1943ರಲ್ಲಿ. 945 ಪದ್ಯಗಳಲ್ಲಿ ಇಡೀ ಬದುಕನ್ನು ಅಳೆದು ನೋಡಿ, ಕೊನೆಗೆ ಮಂಕುತಿಮ್ಮ ಅಂತ ಸಹಿ ಹಾಕಿದರು. ತಾನು ದಡ್ಡ ಅಂತ ಹೇಳಿಕೊಳ್ಳುವವನ ಮಾತನ್ನು ಜನ ಇಂದಿಗೂ ಮದುವೆ ಪತ್ರಿಕೆ ಮೇಲೆ ಅಚ್ಚು ಹಾಕಿಸುತ್ತಾರೆ. ಬೀಚಿಯವರ ನಗೆಹನಿಗಳಲ್ಲೂ ತಿಮ್ಮನೇ ನಾಯಕ, ಆದರೆ ಅವರು ಬರೆಯುತ್ತಿದ್ದುದು 'ತಿಂಮ' ಅಂತ. ಆ ತಿಂಮ ಪೆದ್ದನ ಹಾಗೆ ಮಾತಾಡುತ್ತಾನೆ, ಏಟು ಬೀಳುವುದು ಎದುರಿನವರಿಗೆ.

ಇನ್ನೊಂದು ಮಜಾ ನೋಡಿ. ತಿಮ್ಮನಿಗೆ ಇಷ್ಟು ಮರ್ಯಾದೆ ತಂದುಕೊಟ್ಟ ಡಿವಿಜಿಯವರ ಹೆಸರು ಗುಂಡಪ್ಪ. ಈಗ ಕನ್ನಡದ ಜೋಕುಗಳಲ್ಲಿ ತಿಮ್ಮನ ಜಾಗಕ್ಕೆ ಬಂದು ಕೂತಿರುವವನೂ ಗುಂಡನೇ. "ಯಾಕೋ ಗುಂಡ ಲೇಟು?" "ಬೋರ್ಡ್ ಇತ್ತು ಸಾರ್, ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ ಅಂತ." ಎಷ್ಟು ಹಳೇ ಜೋಕು ಇದು, ಆದರೂ ಪ್ರತಿ ಜೂನ್‌ನಲ್ಲಿ ಯಾರಾದರೂ ಒಬ್ಬರು ಕಳಿಸೇ ಕಳಿಸುತ್ತಾರೆ.

ಮಡಿಕೇರಿ ಮಂಜು

ನಮ್ಮ ಕೊಡಗಿನಲ್ಲಿ ಬಂದು ತಿಮ್ಮಯ್ಯ ಅಂತ ನಕ್ಕು ನೋಡಿ. ಆಮೇಲೆ ಬಸ್ ಸ್ಟ್ಯಾಂಡಿಗೆ ದಾರಿ ನಾವೇ ತೋರಿಸುತ್ತೇವೆ.

ಜನರಲ್ ಕೆ.ಎಸ್. ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ, 1906ರಲ್ಲಿ. 1957ರಿಂದ 61ರವರೆಗೆ ಭೂಸೇನೆಯ ಮುಖ್ಯಸ್ಥರು. ಅದಕ್ಕೂ ಮೊದಲು ಕೊರಿಯಾ ಯುದ್ಧ ಕೈದಿಗಳ ವಿಷಯ ಬಗೆಹರಿಸುವ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸಿ, 1965ರಲ್ಲಿ ಅಲ್ಲೇ ತೀರಿಕೊಂಡರು. ಅವರು ಹುಟ್ಟಿದ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. ಇಲ್ಲಿ ತಿಮ್ಮಯ್ಯ ಅಂದರೆ ನೆನಪಾಗೋದು ಮೀಸೆ, ಕೋತಿ ಅಲ್ಲ.

ಚಾಮರಾಜಪೇಟೆ ಚಕ್ಕುಲಿ

ಮಂಜು ಸಾರ್, ಒಪ್ಪಿದೆ. ಬಸ್ ಟಿಕೆಟ್ ಬೇಡ.

ಆದ್ರೆ ಒಂದು ಗಮನಿಸಿ. ತಿಮ್ಮ ಅಂದ್ರೆ ನಗುತ್ತಾರೆ, ತಿಮ್ಮಕ್ಕ ಅಂದ್ರೆ ಯಾರೂ ನಗೋದಿಲ್ಲ. ಹುಲಿಕಲ್ಲು ಕುದೂರು ರಸ್ತೆಯ ಆಲದ ಸಾಲು ನೆನಪಾಗುತ್ತದೆ ಅಷ್ಟೇ. ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಒಂದು 'ಅಕ್ಕ' ಸೇರಿದರೆ ಹೆಸರಿನ ಹಣೆಬರಹವೇ ಬದಲಾಗುತ್ತದೆ.

ಕೋಲಾರದ ಗಡಿಮನೆ

ಯಾರೂ ಹೇಳದ ವಿಷಯ ಒಂದಿದೆ, ಕೇಳಿ. ಮೇಲಿನ ಶೀರ್ಷಿಕೆಯನ್ನೇ ಇನ್ನೊಂದು ಸಲ ಓದಿ. ತಿಮ್ಮ ಅಂದರೆ ತಿರುಮಲ. ಎಂಕ ಅಂದರೆ ವೆಂಕಟೇಶ. ಸೀನ ಅಂದರೆ ಶ್ರೀನಿವಾಸ. ಮೂರೂ ಒಬ್ಬನೇ ದೇವರು! "ಯಾರೋ ಎಂಕ, ಸೀನ, ನಾಣಿ ಹೇಳಿದ್ರೆ ನಾನ್ಯಾಕೆ ಕೇಳ್ಲಿ" ಎನ್ನುವಾಗ ನಾವು ಲೆಕ್ಕಕ್ಕಿಲ್ಲದವರು ಅಂತ ತಳ್ಳಿಹಾಕುವುದು ಸಾಕ್ಷಾತ್ ಬೆಟ್ಟದ ಮೇಲಿನವನನ್ನೇ. ನಾಣಿ ಅಂದರೆ ನಾರಾಯಣ, ಅವನೂ ಬೇರೆ ಮನೆಯವನಲ್ಲ.

ನಮ್ಮ ಕೋಲಾರ, ಚಿಂತಾಮಣಿ ಕಡೆ ಮನೆಗೊಬ್ಬ ವೆಂಕಟೇಶ, ಓಣಿಗೆ ನಾಲ್ಕು ಶ್ರೀನಿವಾಸ. "ಏಯ್ ಸೀನಾ" ಅಂತ ಬಸ್ ಸ್ಟ್ಯಾಂಡಿನಲ್ಲಿ ಕೂಗಿದರೆ ಟೀ ಕುಡಿಯುತ್ತಿರುವವರು ಅರ್ಧ ಜನ ತಿರುಗುತ್ತಾರೆ. ಹೆಸರು ಅಷ್ಟು ಜಾಸ್ತಿ ಆದಮೇಲೆ ಅದು ಒಬ್ಬನ ಹೆಸರಾಗಿ ಉಳಿಯೋದಿಲ್ಲ, 'ಯಾವನೋ ಒಬ್ಬ' ಅಂತ ಆಗಿಬಿಡುತ್ತದೆ.

ಬರೀ ಹೆಸರಲ್ಲ, ತಿರುಪತಿಯ ಇಡೀ ಯಾತ್ರೆಯೇ ನಮ್ಮ ತಮಾಷೆ ಮಾತಿಗೆ ಬಂದು ಸೇರಿದೆ. ಯಾರಾದರೂ ಮೋಸ ಮಾಡಿದರೆ 'ನಾಮ ಹಾಕಿದ', ದೊಡ್ಡ ಮೋಸ ಆದರೆ 'ಪಂಗನಾಮ'. ಚೀಟಿ ದುಡ್ಡು ಮುಳುಗಿತೋ, 'ಗೋವಿಂದ'. ಅರ್ಧ ಕೆಲಸ ಮಾಡಿ ನಾಪತ್ತೆ ಆದರೆ 'ತಿರುಪತಿ ಕ್ಷೌರ'. ಈ ಕೊನೆಯದು ಈಗಿನ ಹುಡುಗರಿಗೆ ಗೊತ್ತಿಲ್ಲ. ಹಿಂದೆ ಅಲ್ಲಿ ಗಿರಾಕಿ ತಪ್ಪಿಹೋಗದಿರಲಿ ಅಂತ ನಾವಿದ ತಲೆಗೆ ನೀರು ತಟ್ಟಿ, ನಡುವೆ ಒಂದು ಪಟ್ಟೆ ಬೋಳಿಸಿ, "ಕೂತಿರಿ ಸ್ವಾಮಿ, ಬಂದೆ" ಅಂತ ಮುಂದಿನವನನ್ನು ಹಿಡಿಯುತ್ತಿದ್ದನಂತೆ. ಪಟ್ಟೆ ಬಿದ್ದ ತಲೆ ಇಟ್ಟುಕೊಂಡು ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಈಗ ಕಲ್ಯಾಣಕಟ್ಟದಲ್ಲಿ ಟೋಕನ್ ಬಂದಿದೆ, ಆ ವಿದ್ಯೆಯನ್ನು ನಮ್ಮ ಮನೆ ಪ್ಲಂಬರ್ ಉಳಿಸಿಕೊಂಡಿದ್ದಾನೆ.

ತೀರ್ಥಹಳ್ಳಿ ತೊಂಡೆಕಾಯಿ

ಗಡಿಮನೆಯವರೇ, 'ಗೋವಿಂದ' ತಿರುಪತಿಯಿಂದ ಬಂದಿದ್ದಲ್ಲ. ಹೆಣ ಎತ್ತುವಾಗ ಗೋವಿಂದಾ ಗೋವಿಂದ ಎನ್ನುತ್ತಾರಲ್ಲ, ಅದರಿಂದ ಬಂತು. ಸತ್ತಿತು, ಮುಗಿಯಿತು ಅಂತ.

ಕೋಲಾರದ ಗಡಿಮನೆ

ಹುಂಡಿಗೆ ಹಾಕುವಾಗಲೂ ಗೋವಿಂದಾ ಅಂತಲೇ ಕೂಗೋದು ಸಾರ್. ದುಡ್ಡು ವಾಪಸ್ ಬರೋದಿಲ್ಲ ಅನ್ನೋ ಅರ್ಥ ಅಲ್ಲೇ ಇದೆಯಲ್ಲ.

ಅಗ್ರಹಾರದ ಮೂಲೆಮನೆ

ದುಡ್ಡು ಹೋದರೂ ಗೋವಿಂದ, ಪ್ರಾಣ ಹೋದರೂ ಗೋವಿಂದ. ಇಬ್ಬರೂ ಊಟ ಮಾಡಿ ಮಲಗಿ. ಶೈವರಿಗೆ ಬೇಸರ ಆಗಬಾರದು ಅಂತ 'ಹರೋಹರ' ಬೇರೆ ಇದೆ.

ಧಾರವಾಡ ಫೇಡೆ

ನಮ್ಮ ಕಡೆ ಲೆಕ್ಕ ಬೇರೆ ಅದರೀ. ಬಸವರಾಜ ಬಸ್ಯಾ, ಮಲ್ಲಿಕಾರ್ಜುನ ಮಲ್ಯಾ, ಸಂಗಪ್ಪ ಸಂಗ್ಯಾ. ಕೇಳಿದವರು ಬೈದರು ಅಂದುಕೊಳ್ಳುತ್ತಾರೆ. ಬೈಗುಳ ಅಲ್ಲ, ಸಲಿಗೆ. ಗೆಳೆಯ ನಿಮ್ಮನ್ನು ಒಮ್ಮೆಲೇ "ಬಸವರಾಜ ಅವರೇ" ಅಂದರೆ ಆವಾಗ ಹೆದರಬೇಕು, ಸಾಲ ಕೇಳಲಿಕ್ಕೆ ಬಂದಾನ ಅಂತ ಅರ್ಥ.

ಹೆಸರಿಗೆ ಹೆಸರೇ ನಗೆ ತರಿಸುವಂಥವೂ ಇವೆ. ತಿಪ್ಪಣ್ಣ, ಹುಚ್ಚಪ್ಪ, ಕಲ್ಲಪ್ಪ. ಪ್ಯಾಟಿ ಮಂದಿ ಇವನ್ನು ಕೇಳಿ ಕಿಸಕ್ಕನೆ ನಗುತ್ತಾರೆ. ಹಿಂದೆ ಹುಟ್ಟಿದ ಕೂಸು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪಿ ಮೇಲೆ ಉರುಳಿಸಿ ತಿಪ್ಪಣ್ಣ ಅಂತ ಕರೆಯುತ್ತಿದ್ದರು. ಚಂದದ ಹೆಸರಿಟ್ಟರೆ ಯಮನ ಕಣ್ಣು ಬಿದ್ದೀತು ಅಂತ. ಆ ಹೆಸರಿನ ಹಿಂದೆ ಒಬ್ಬಳು ತಾಯಿಯ ಅಂಜಿಕೆ ಇರುತ್ತದೆ. ಇದರ ಮೇಲೆ ನನಗಂತೂ ಜೋಕು ಮಾಡಲಿಕ್ಕೆ ಬಾಯಿ ಬರುವುದಿಲ್ಲ. ಬೇಕಾದರೆ ನಮ್ಮ ಅಡ್ಡಹೆಸರಿಗೆ ನಗ್ರಿ: ಮೆಣಸಿನಕಾಯಿ, ಉಳ್ಳಾಗಡ್ಡಿ. ಹಾಜರಿ ಕರೆದರೆ ಸಂತಿ ನೆರೆದಂಗ ಆಗ್ತದ.

ನೀರುದೋಸೆ ಮಂಗಳೂರು

ಎಲ್ಲರೂ ನಗುತ್ತಿದ್ದೀರಿ, ನಾನು ಸ್ವಲ್ಪ ರಸಭಂಗ ಮಾಡುತ್ತೇನೆ.

ನಮ್ಮಲ್ಲಿ ಪೆದ್ದ, ಹಳ್ಳಿ ಗಮಾರ ಅನ್ನೋದಕ್ಕೆ 'ತುಕ್ರ' ಅಂತಾರೆ. ತುಳುವಿನಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿ ಇತ್ತು. ಆದಿತ್ಯವಾರ ಹುಟ್ಟಿದವ ಐತ, ಮಂಗಳವಾರ ಅಂಗಾರ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಸಮುದಾಯಗಳಲ್ಲಿ ಈ ಹೆಸರು ಜಾಸ್ತಿ. ಧಣಿಗಳ ಮಕ್ಕಳು ಕಾಲೇಜಿಗೆ ಹೋದರು, ಅಲ್ಲಿ ಕೆಲಸ ಬಾರದವನನ್ನು ತುಕ್ರ ಅಂದರು. ಜೋಕಿನಲ್ಲಿ ಪೆದ್ದನ ಪಾತ್ರಕ್ಕೆ ಯಾರ ಅಜ್ಜನ ಹೆಸರು ಸಿಗುತ್ತದೆ ಅನ್ನೋದನ್ನು ನೋಡಿ. ನಿಮ್ಮ ತಿಮ್ಮ, ಬೋರ, ಮಾದ, ಕೆಂಚ, ಎಲ್ಲ ದುಡಿಯುವವರ ಹೆಸರು. ತಿಮ್ಮಯ್ಯ ಜನರಲ್ ಆದರೆ ಮೀಸೆ, ಗೇಟಿನಲ್ಲಿ ಕೂತರೆ ಜೋಕು. ಅಲ್ವಾ?

ಚಾಮರಾಜಪೇಟೆ ಚಕ್ಕುಲಿ

ಮೇಡಂ, ಸೀನ, ನಾಣಿ, ಸುಬ್ಬ, ಕಿಟ್ಟಿ ಕೂಡ ಇದ್ದಾರಲ್ಲ? ಇವೆಲ್ಲ ಅಗ್ರಹಾರದ ಹೆಸರುಗಳೇ. ಸುಮ್ನೆ ಜಾತಿಗೆ ಎಳೆಯೋದು ಯಾಕೆ?

ನೀರುದೋಸೆ ಮಂಗಳೂರು

ಎಳೆಯುತ್ತಿಲ್ಲ, ಅಲ್ಲೇ ಇದೆ ಅದು. ಸೀನ, ನಾಣಿ ಅಂದರೆ 'ಯಾವನೋ ಒಬ್ಬ'. ಸುಬ್ಬ ಅಂದರೂ ಒಳಗೊಳಗೆ ಪ್ರೀತಿ ಇರುತ್ತದೆ. ಸೀನನ ಬುದ್ಧಿಯ ಬಗ್ಗೆ ಯಾರೂ ಮಾತಾಡೋದಿಲ್ಲ. ತುಕ್ರ, ಬೋರ ಅಂದರೆ ಪೆದ್ದ ಅಂತಲೇ ಅರ್ಥ. ಇಬ್ಬರಿಗೂ ಒಂದೇ ತಕ್ಕಡಿ ಹಿಡಿಯಬೇಡಿ.

ಅಗ್ರಹಾರದ ಮೂಲೆಮನೆ

ತಂಗಿ ಹೇಳಿದ್ದರಲ್ಲಿ ಹುರುಳಿದೆ. ನಮ್ಮ ಬೀದಿಯಲ್ಲಿ ನಾಣಿ ಅಂತ ಕೂಗುತ್ತಿದ್ದವರು ನಾಣಿಯ ಅಕ್ಕಂದಿರು. ತಿಮ್ಮ ಅಂತ ಕೂಗುತ್ತಿದ್ದವರು ತಿಮ್ಮನ ಮನೆಯವರಲ್ಲ.

ಗಾಂಧಿನಗರ ಗಲ್ಲಿ

ಮಾದನ ವಿಷಯಕ್ಕೆ ಒಂದು ಸೇರಿಸಲಾ? 2007ರಲ್ಲಿ 'ದುನಿಯಾ' ಬಂತು. ಅದರಲ್ಲಿ ಯೋಗೇಶ್ ಮಾಡಿದ ಪಾತ್ರ ಲೂಸ್ ಮಾದ. ಪಾತ್ರದ ಹೆಸರು ಎಷ್ಟು ಅಂಟಿತು ಅಂದರೆ ಆಮೇಲೆ ಪೋಸ್ಟರಿನಲ್ಲೇ ಲೂಸ್ ಮಾದ ಯೋಗೇಶ್ ಅಂತ ಬರತೊಡಗಿತು. ಮೈಸೂರು, ಚಾಮರಾಜನಗರ ಕಡೆ ಮಾದ ಅಂದರೆ ಮಾದಪ್ಪ, ಮಲೆ ಮಹದೇಶ್ವರ. "ಉಘೇ ಮಾದಪ್ಪ" ಅನ್ನೋ ಊರಿನಲ್ಲಿ ಆ ಹೆಸರಿಗೆ ನಗೋ ಧೈರ್ಯ ಯಾರಿಗಿದೆ? ಹೀರೋ ಆದವನೇ ಹೆಸರನ್ನು ಹೆಗಲ ಮೇಲೆ ಹೊತ್ತುಕೊಂಡರೆ ಅದು ಬೈಗುಳ ಆಗಿ ಉಳಿಯೋದಿಲ್ಲ ಅಂತ ನನ್ನ ಅನಿಸಿಕೆ.

ಮ್ಯೂನಿಕ್ ಮುದ್ದೆ

ನೀರುದೋಸೆ ಅವರ ಮಾತಿಗೆ ಜರ್ಮನಿಯಿಂದ ಒಂದು ಸಾಕ್ಷಿ. ಇಲ್ಲಿ ಆ ಪಾತ್ರ ಸಿಕ್ಕಿರೋದು ಕೆವಿನ್‌ಗೆ. 1990ರ ಸುಮಾರಿಗೆ ಹಾಲಿವುಡ್ ಸಿನಿಮಾ ನೋಡಿ ಜನ ಮುಗಿಬಿದ್ದು ಮಕ್ಕಳಿಗೆ ಕೆವಿನ್ ಅಂತ ಹೆಸರಿಟ್ಟರು. ಆಮೇಲೆ ಅದು ಓದು ಕಡಿಮೆ ಇರುವ ಮನೆಯವರ ಹೆಸರು ಅಂತ ಆಯಿತು. ಇದಕ್ಕೆ 'ಕೆವಿನಿಸ್ಮುಸ್' ಅಂತ ಪದವನ್ನೇ ಮಾಡಿದ್ದಾರೆ. 2009ರಲ್ಲಿ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದವರು ಶಾಲಾ ಶಿಕ್ಷಕರನ್ನು ಹೆಸರುಗಳ ಬಗ್ಗೆ ಕೇಳಿದರು. ಒಬ್ಬ ಶಿಕ್ಷಕರು, ಕೆವಿನ್ ಅನ್ನೋದು ಹೆಸರಲ್ಲ, ಅದೊಂದು ಕಾಯಿಲೆ ಅನ್ನೋ ಅರ್ಥದಲ್ಲಿ ಬರೆದುಕೊಟ್ಟರು. ಹುಡುಗ ಇನ್ನೂ ಬೆಂಚಿನ ಮೇಲೆ ಕೂತಿಲ್ಲ, ಮೇಷ್ಟ್ರು ಆಗಲೇ ಮಾರ್ಕ್ಸ್ ಹಾಕಿಬಿಟ್ಟಿದ್ದಾರೆ.

ಎಡಿಸನ್ ಇಡ್ಲಿ

ನಮ್ಮ ಅಮೆರಿಕದಲ್ಲಿ ಕರೆನ್. ಅಂಗಡಿಗೆ ಬಂದು "ಮ್ಯಾನೇಜರ್‌ನ ಕರೀರಿ" ಅನ್ನೋ ಹೆಂಗಸು. 1950, 60ರ ದಶಕದಲ್ಲಿ ಬೀದಿಗೊಬ್ಬಳು ಕರೆನ್ ಇದ್ದಳು, ಈಗ ಹುಟ್ಟುವ ಮಕ್ಕಳಿಗೆ ಆ ಹೆಸರು ಇಡುವವರು ಬಲು ಕಡಿಮೆ. ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿ ನಿಜವಾದ ಕರೆನ್ ಒಬ್ಬರಿದ್ದಾರೆ. ಹೋಟೆಲಿನಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ತೆಪ್ಪಗೆ ಉಣ್ಣುತ್ತಾರೆ ಪಾಪ, ದೂರು ಹೇಳಿದರೆ ಹೆಸರು ಕೇಳುತ್ತಾರಲ್ಲ ಅಂತ.

ಬಸವನಗುಡಿ ಗೌರಿ

ಶೀರ್ಷಿಕೆಯಲ್ಲಿ ನನ್ನ ಹೆಸರು ಹಾಕಿ ಎಲ್ಲರೂ ಗಂಡಸರ ಬಗ್ಗೆಯೇ ಮಾತಾಡುತ್ತಿದ್ದೀರಿ.

ಅಜ್ಜಿ ಬಾಯಲ್ಲಿ "ಗೌರಮ್ಮನ ಹಾಗೆ ಕಾಣ್ತಿದೀಯ" ಅಂದರೆ ದೊಡ್ಡ ಹೊಗಳಿಕೆ. ಕಾಲೇಜಿನಲ್ಲಿ "ಅವಳಾ? ಗೌರಮ್ಮ ಬಿಡೋ" ಅಂದರೆ ಎಣ್ಣೆ ಹಾಕಿ ಬಾಚಿದ ಜಡೆ, ತಗ್ಗಿಸಿದ ತಲೆ, ಬಾಯಿಲ್ಲದವಳು ಅಂತ. ಗಣೇಶನ ಹಬ್ಬದ ಹಿಂದಿನ ದಿನ ಮೊರದ ಬಾಗಿನ ಕೊಟ್ಟು ಕೈ ಮುಗಿಯುವುದೂ ಅದೇ ಗೌರಮ್ಮನಿಗೆ. ನನ್ನ ಹೆಸರು ಗೌರಿ ಅಂತ ಗೊತ್ತಾದ ಮೇಲೆ ಒಬ್ಬ ಸೀನಿಯರ್, "ಹೆಸರಿಗೆ ತಕ್ಕ ಹಾಗೆ ಇಲ್ವಲ್ಲ" ಅಂದ. ಪಾರ್ವತಿ ದುರ್ಗಿಯೂ ಆಗುತ್ತಾಳೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಕೊಡಗಿನ ಗೌರಮ್ಮ ಗೊತ್ತಲ್ಲ? ಕತೆಗಾರ್ತಿ, 1912ರಲ್ಲಿ ಹುಟ್ಟಿದವರು. ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು. ಗಾಂಧೀಜಿ ಬಂದರು, ಇವರು ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಉಪವಾಸದ ವಿಷಯದಲ್ಲಿ ಗಾಂಧೀಜಿಗೇ ಉಪವಾಸ ತೋರಿಸಿದ ಹೆಂಗಸು. ವಿಧವಾ ವಿವಾಹದ ಬಗ್ಗೆ ಆ ಕಾಲದಲ್ಲೇ ಕತೆ ಬರೆದು, 27ಕ್ಕೇ ನೀರಿನಲ್ಲಿ ಮುಳುಗಿ ಹೋದರು. ಇನ್ನು ಮುಂದೆ ಯಾರಾದರೂ ಗೌರಮ್ಮ ಅಂದರೆ ಥ್ಯಾಂಕ್ಸ್ ಹೇಳೋದು ಅಂತ ನಾನು ತೀರ್ಮಾನ ಮಾಡಿದ್ದೇನೆ.

ಮಡಿಕೇರಿ ಮಂಜು

ಮೇಡಂ, ನಮ್ಮೂರಿನವರನ್ನು ನೆನೆಸಿಕೊಂಡಿದ್ದಕ್ಕೆ ಒಂದು ಕಾಫಿ ನನ್ನ ಲೆಕ್ಕದಲ್ಲಿ.

ತುಮಕೂರು ತಟ್ಟೆ ಇಡ್ಲಿ

ಲೆಕ್ಕ ಅಂದಿರಲ್ಲ, ನನಗೆ ಹಣದ ಮಾತು ನೆನಪಾಯಿತು. ಖರ್ಚಿನ ಪಟ್ಟಿ ಹೊಂದದಿದ್ದರೆ 'ರಾಮನ ಲೆಕ್ಕ, ಕೃಷ್ಣನ ಲೆಕ್ಕ' ಬರೆದು ಸರಿಮಾಡೋದು. ಹ್ಞೂಂ ಅಂದಿದ್ದಕ್ಕೆಲ್ಲ ತಲೆಯಾಡಿಸುವವನು 'ಕೋಲೆ ಬಸವ'. ನನಗೆ ತುಂಬಾ ಇಷ್ಟ ಆಗೋದು ಮಾತ್ರ 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ'.

ಯಾಕೆ ಈರಭದ್ರನೇ? ದಕ್ಷನ ಯಜ್ಞ ಹಾಳು ಮಾಡಿದವನು ವೀರಭದ್ರ. ವೀರಗಾಸೆ ಕುಣಿಯುವವರನ್ನು ನೋಡಿ, ಕೈಯಲ್ಲಿ ಕತ್ತಿ, ಬಾಯಲ್ಲಿ "ಅಹಹಾ ರುದ್ರ, ಅಹಹಾ ದೇವ" ಅಂತ ಒಡಪು. ಸಾಲ ತಗೊಂಡವನೂ ಹಾಗೇ. ತಗೊಳ್ಳುವಾಗ "ಅಣ್ಣಾ, ಸೋಮವಾರ ಗ್ಯಾರಂಟಿ" ಅಂದಿರುತ್ತಾನೆ. ಸೋಮವಾರ ಕಳೆದು ದೀಪಾವಳಿ ಬಂದರೂ ದುಡ್ಡಿಲ್ಲ. ನನ್ನ ಸ್ನೇಹಿತನೊಬ್ಬನಿಗೆ ಫೋನ್‌ಪೇಯಲ್ಲಿ ರಿಮೈಂಡರ್ ಕಳಿಸಿದೆ, ಬೈಯಲಿಲ್ಲ, ಬರೀ ರಿಮೈಂಡರ್. ಒಡಪು ಶುರುವಾಯಿತು ನೋಡಿ! "ನಾನೇನು ಓಡಿಹೋಗ್ತೀನಾ? ಸ್ನೇಹಕ್ಕಿಂತ ದುಡ್ಡು ಹೆಚ್ಚಾಯ್ತಾ ನಿಂಗೆ?" ಕತ್ತಿ ಒಂದಿರಲಿಲ್ಲ ಅಷ್ಟೇ. ಕೊನೆಗೆ ಸಾರಿ ಕೇಳಿದ್ದು ಕೋಡಂಗಿ.

ಚಾಮರಾಜಪೇಟೆ ಚಕ್ಕುಲಿ

ಆ ಸ್ನೇಹಿತ ನನಗೂ ಪರಿಚಯ ಇರಬೇಕು ಅನಿಸುತ್ತಿದೆ.

ಮದ್ದೂರು ವಡೆ

ನನ್ನದೊಂದು ಅರ್ಜೆಂಟ್ ಪ್ರಶ್ನೆ ಇದೆ. ಮಗ ಹುಟ್ಟಿದ್ದಾನೆ, ನಾಮಕರಣ ಹತ್ತಿರ ಬಂತು. ನಮ್ಮ ಅಜ್ಜಿ ತಿರುಪತಿಗೆ ಹರಕೆ ಹೊತ್ತಿದ್ದರಂತೆ, ಮಗುವಿಗೆ ತಿಮ್ಮಯ್ಯ ಅಂತಲೇ ಇಡಬೇಕು ಅಂತ ಕೂತಿದ್ದಾರೆ. ಹೆಂಡತಿಗೆ ವಿಹಾನ್ ಬೇಕು. ನಾನು ಇದನ್ನೆಲ್ಲ ಓದಿ ಇನ್ನೂ ಗೊಂದಲಕ್ಕೆ ಬಿದ್ದೆ. ಶಾಲೆಯಲ್ಲಿ ಆಡಿಕೊಳ್ಳುತ್ತಾರಾ?

ಮೈಸೂರು ಮಲ್ಲಿಗೆ 2

ನಾನು ಟೀಚರ್. ನನ್ನ ಕ್ಲಾಸಿನಲ್ಲಿ ಮೂವರು ವಿಹಾನ್ ಇದ್ದಾರೆ. ಮಕ್ಕಳೇ ಅವರಿಗೆ ಉದ್ದ ವಿಹಾನ್, ಕನ್ನಡಕ ವಿಹಾನ್, ಅಳು ವಿಹಾನ್ ಅಂತ ಹೆಸರಿಟ್ಟುಕೊಂಡಿದ್ದಾರೆ. ಈಗ ಬೇರೆ ಯಾರು ಅತ್ತರೂ "ವಿಹಾನ್ ಮಾಡ್ಬೇಡ" ಅನ್ನುತ್ತಾರೆ. ತಿಮ್ಮಯ್ಯ ಒಬ್ಬನೂ ಇಲ್ಲ. ಧೈರ್ಯವಾಗಿ ಇಡಿ.

ಮಡಿಕೇರಿ ಮಂಜು

ಇಡಿ ಸಾರ್. ಮೀಸೆ ಬಂದ ಮೇಲೆ ಮ್ಯೂಸಿಯಂ ತೋರಿಸೋ ಜವಾಬ್ದಾರಿ ನನ್ನದು.

ನೀರುದೋಸೆ ಮಂಗಳೂರು

ನನ್ನದೂ ಒಂದು ಓಟು ತಿಮ್ಮಯ್ಯನಿಗೆ.

ಕೋಲಾರದ ಗಡಿಮನೆ

ಅಜ್ಜಿ ಮಾತು ಮೀರಬೇಡಿ, ಹರಕೆ ವಿಷಯ. ಆದ್ರೆ ಇನಿಷಿಯಲ್ ಮಾತ್ರ ಒಂದು ಸಲ ಬರೆದು ನೋಡಿಕೊಳ್ಳಿ. ನಮ್ಮಲ್ಲಿ ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ ಬರುತ್ತದಲ್ಲ. ಎಂ.ಕೆ. ತಿಮ್ಮಯ್ಯ ಅಂತ ಏನಾದರೂ ಆಗಿಬಿಟ್ಟರೆ ಇಡೀ ಶಾಲೆ ಅದನ್ನು ಮಂಕುತಿಮ್ಮ ಅಂತಲೇ ಬಿಡಿಸಿ ಓದುತ್ತದೆ.

ಮದ್ದೂರು ವಡೆ

ಊರು ಮದ್ದೂರು. ನನ್ನ ಹೆಸರು ಕೃಷ್ಣ.